ಅಕ್ಕನ ಗಂಟಲಲ್ಲಿ ಮಿಡಿದದ್ದು

ಕಳೆದ ಗುರುವಾರ ಬೆಳಗ್ಗೆ ಹತ್ತೂವರೆಗೆ ನನ್ನಕ್ಕನ ಗಂಟಲೊಳಗೆ ಕತ್ತರಿ ಆಡಬೇಕಿತ್ತು. ಆಡಲಿಲ್ಲ. ಆಡಿದ್ದರೆ ಈ ವಾರ ನಿಮಗೆ ಬರೆಯುವ ಸ್ಥಿತಿಯಲ್ಲಿ ನಾನಿರುತ್ತಿರಲಿಲ್ಲ.

ಅಕ್ಕನ ಹೆಸರು ಗಿರಿಜಾ. ಅರವತ್ತೊಂದು ವರ್ಷ. ಹೊಸಹಳ್ಳಿಯಲ್ಲಿ ಮೂವತ್ತು ವರ್ಷಗಳಿಂದ ಲೇಡೀಸ್ ಟೈಲರ್. (ವಿಜಯನಗರದ ಅರ್ಧ ಮದುವೆಗಳ ಬ್ಲೌಸು ತನ್ನದೇ ಎನ್ನುತ್ತಾಳೆ. ನಾನು ವಾದಕ್ಕೆ ಹೋಗುವುದಿಲ್ಲ.) ಎರಡು ತಿಂಗಳಿಂದ ಅವಳಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ನೀರು ಕುಡಿದರೂ ಇಳಿಯದು, ಕೆಮ್ಮಿದರೂ ಬಾರದು. ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ದೊಡ್ಡ ಡಾಕ್ಟರು ನಾಲಿಗೆ ಒತ್ತಿ, ಟಾರ್ಚ್ ಬಿಟ್ಟು ನೋಡಿದರು. ಗಂಟಲ ಹಿಂಬದಿಯಲ್ಲಿ, ಬಲಕ್ಕೆ, ಒಂದು ಉಬ್ಬು ಇದೆ, ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಎಂದರು.

ಬಯಾಪ್ಸಿ. ಆ ಪದ ಮನೆಗೆ ಬಂದ ಮೇಲೆ ಅದರ ಹಿಂದಿರುವ ಪದವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕೇ?

ಅಕ್ಕ ಅಳಲಿಲ್ಲ. ಮೂರು ದಿನ ಕೂತು ಕೈಲಾದಷ್ಟು ಬ್ಲೌಸು ಮುಗಿಸಿದಳು. ಉಳಿದ ಬಟ್ಟೆಗಳನ್ನು ಮಡಿಸಿಟ್ಟು, ಒಬ್ಬೊಬ್ಬರಿಗೇ ಫೋನ್ ಮಾಡಿ ವಾಪಸ್ ತೆಗೆದುಕೊಂಡು ಹೋಗಿ ಎಂದಳು. ಯಾಕೆ ಎಂದವರಿಗೆ ಕಣ್ಣು ಮಂಜಾಗಿದೆ ಎಂದು ಸುಳ್ಳು ಹೇಳಿದಳು. ನನಗೆ ನಿಜವಾಗಿ ಹೆದರಿಕೆ ಹತ್ತಿದ್ದು ಆಗಲೇ.

ಗುರುವಾರ ಅವಳನ್ನು ತಯಾರು ಮಾಡಲು ಬಂದವರು ಸಿಂಚನಾ ಎಂಬ ಚಿಕ್ಕ ಡಾಕ್ಟರು. ಇನ್ನೂ ಟ್ರೇನಿಂಗ್‌ನಲ್ಲಿದ್ದಾರಂತೆ, ದಿನಾ ಕೆಂಗೇರಿಯಿಂದ ಮೆಟ್ರೋದಲ್ಲಿ ಬರುತ್ತಾರಂತೆ. ಬಿಪಿ ನೋಡಿದರು. ಗಂಟಲು ನೋಡಿದರು. ಮತ್ತೆ ನೋಡಿದರು. ಮೂರನೇ ಸಲ ನೋಡುವಾಗ ಅಕ್ಕನ ಮಣಿಕಟ್ಟು ಹಿಡಿದು ನಾಡಿಯನ್ನೂ ಎಣಿಸುತ್ತಿದ್ದರು.

ನನಗೆ ರೇಗಿತು. ಟೈಮಾಗುತ್ತಿದೆ, ಅಕ್ಕ ಉಪವಾಸ ಇದ್ದಾಳೆ, ಬೇಗ ಮುಗಿಸಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. (ಈಗ ನಾಚಿಕೆಯಾಗುತ್ತದೆ.) ಅವರು ನನ್ನ ಕಡೆ ತಿರುಗಲೂ ಇಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರು ಗ್ಲೌಸ್ ಹಾಕಿಕೊಂಡು ಒಳಗೆ ಬಂದರು.

"ಸಾರ್, ಒಂದ್ ನಿಮಿಷ ತಡೀರಿ," ಎಂದರು ಸಿಂಚನಾ. ದನಿ ನಡುಗುತ್ತಿತ್ತು. "ಇದು ಗೆಡ್ಡೆ ಅಲ್ಲ ಅನ್ಸುತ್ತೆ. ಬಡ್ಕೊತಾ ಇದೆ. ನಾಡಿ ಜೊತೆಜೊತೆಗೇ."

ಕೋಣೆಯಲ್ಲಿದ್ದ ನರ್ಸುಗಳೆಲ್ಲ ನೆಲ ನೋಡತೊಡಗಿದರು. ದೊಡ್ಡವರ ಎದುರು ಚಿಕ್ಕವರು ಹೀಗೆ ಮಾತಾಡಿದರೆ ಮುಂದೇನು ಎನ್ನುವುದು ನಮಗೆಲ್ಲ ಗೊತ್ತಲ್ಲ? ಆದರೆ ಆ ಮನುಷ್ಯ ಗದರಲಿಲ್ಲ. ಗ್ಲೌಸ್ ಬಿಚ್ಚಿದರು. ಅಕ್ಕನ ಮಣಿಕಟ್ಟು ಹಿಡಿದು, ಬಾಯಿ ತೆರೆಸಿ, ತುಂಬಾ ಹೊತ್ತು ನೋಡಿದರು. ನಂತರ ಇವತ್ತು ಏನೂ ಮಾಡುವುದು ಬೇಡ, ಸ್ಕ್ಯಾನ್ ಮಾಡಿಸಿ ಎಂದಷ್ಟೇ ಹೇಳಿ ಹೊರಟರು.

ಮಧ್ಯಾಹ್ನ ರಕ್ತನಾಳಕ್ಕೆ ಬಣ್ಣದ ಔಷಧ ಹಾಯಿಸಿ ಸ್ಕ್ಯಾನ್ ತೆಗೆದರು. ಸಂಜೆ ಕಂಪ್ಯೂಟರ್ ಪರದೆಯ ಮುಂದೆ ನಮ್ಮನ್ನು ಕೂರಿಸಿದರು. ಕತ್ತಿನ ಎರಡೂ ಪಕ್ಕದಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿರುತ್ತವೆ. ಅಕ್ಕನ ಎಡಗಡೆಯದು ನೆಟ್ಟಗೆ ಮೇಲೆ ಹೋಗಿತ್ತು. ಬಲಗಡೆಯದು ಒಳಕ್ಕೆ ಬಾಗಿ, ಗಂಟಲ ಹಿಂದೆಯೇ ಒಂದು ಸುತ್ತು ಹಾಕಿ, ಆಮೇಲೆ ಮೇಲಕ್ಕೆ ಹತ್ತಿತ್ತು. ನಾವು ಗೆಡ್ಡೆ ಅಂದುಕೊಂಡದ್ದು ಆ ಬಾಗನ್ನು. ಅದರಿಂದ ಒಂದು ಚೂರು ಕತ್ತರಿಸಿದ್ದರೆ? ರಕ್ತ ನಿಲ್ಲಿಸಲು ಆಗುತ್ತಿರಲಿಲ್ಲ ಎಂದರು ದೊಡ್ಡ ಡಾಕ್ಟರು.

ಇದು ಕಾಯಿಲೆಯಲ್ಲ, ಔಷಧವೂ ಬೇಕಿಲ್ಲ ಎಂದು ವಿವರಿಸಿದರು. ಕೆಲವರಿಗೆ ಈ ನಾಳ ಬಾಗಿರುತ್ತದೆ, ಕೆಲವರಿಗೆ ಸುರುಳಿ ಸುತ್ತಿರುತ್ತದೆ, ಕೆಲವರಿಗೆ ಕವಲೊಡೆಯುವ ಜಾಗವೇ ಬೇರೆ. ಪುಸ್ತಕದಲ್ಲಿರುವ ಚಿತ್ರದ ಹಾಗೆ ಎಲ್ಲರ ಕತ್ತೂ ಇರುವುದಿಲ್ಲವಂತೆ. ಬಿಪಿ ಹತೋಟಿಯಲ್ಲಿರಬೇಕು, ಮುಂದೆ ಯಾರಾದರೂ ಗಂಟಲಿಗೆ ಕೈ ಹಾಕುವ ಮೊದಲು ಇದನ್ನು ತಿಳಿಸಬೇಕು, ಅಷ್ಟೇ.

"ಡಾಕ್ಟ್ರೇ, ಮೂವತ್ತು ವರ್ಷದಿಂದ ಕತ್ತಿನ ಅಳತೆ ತಗೋತಿದೀನಿ," ಎಂದಳು ಅಕ್ಕ. "ಒಬ್ಬರ ಥರ ಇನ್ನೊಬ್ಬರದು ಇರಲ್ಲ. ಹೊರಗಡೇನೇ ಹಂಗಿದ್ರೆ ಒಳಗಡೆ ಕೇಳ್ಬೇಕಾ?"

ಅವರು ನಕ್ಕರು. ಆಮೇಲೆ ಪಕ್ಕದಲ್ಲೇ ನಿಂತಿದ್ದ ಸಿಂಚನಾ ಕಡೆ ತಿರುಗಿ, ನಮ್ಮೆಲ್ಲರ ಎದುರಿಗೇ ಹೇಳಿದರು: "ನಾನು ಕಣ್ಣಲ್ಲಿ ಮಾತ್ರ ನೋಡ್ದೆ ಕಣಮ್ಮ. ನೀನು ಕೈ ಹಿಡಿದು ನೋಡ್ದೆ."

ಆ ಹುಡುಗಿಯ ಕಣ್ಣು ತುಂಬಿಕೊಂಡಿತು. ಅಕ್ಕ ಎದ್ದು ಹೋಗಿ ಅವರ ಕೆನ್ನೆ ಸವರಿ ನೆಟಿಗೆ ಮುರಿದಳು.

ಮನೆಗೆ ಆಟೋ ಬೇಡ, ನಡೆದೇ ಬರುತ್ತೇನೆ ಎಂದಳು. ದಾರಿಯಲ್ಲಿ ಹೋಟೆಲಿಗೆ ನುಗ್ಗಿ ಎರಡು ಮಸಾಲೆ ದೋಸೆ ತಿಂದಳು, ಎರಡೂ ಅವಳೇ. ತಿನ್ನುತ್ತಲೇ ಗಿರಾಕಿಗಳಿಗೆ ಫೋನ್ ಹಚ್ಚಿದಳು. ಬಟ್ಟೆ ತಗೊಂಡು ಬನ್ನಿ, ಕಣ್ಣು ಸರಿಹೋಯ್ತು ಎಂದಳು. ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಅಂಗಡಿಯ ಶಟರ್ ಮೇಲೆ ಹೋಯಿತು.

ನನ್ನ ತಲೆಯಲ್ಲಿ ಮಾತ್ರ ಇನ್ನೂ ಆ ಕೋಣೆಯೇ ಇದೆ. ನಡುಗುವ ದನಿಯಲ್ಲೇ ಆದರೂ ತಡೆದ ಚಿಕ್ಕವರು ಒಬ್ಬರು. ಕೇಳಿಸಿಕೊಂಡು ಗ್ಲೌಸ್ ಬಿಚ್ಚಿದ ದೊಡ್ಡವರು ಒಬ್ಬರು. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ನನಗೆ ಅಕ್ಕ ಇರುತ್ತಿರಲಿಲ್ಲ.

ನಿಮ್ಮ ಕೈಕೆಳಗಿನ ಅತಿ ಚಿಕ್ಕವರು ನಿಮಗೆ "ಒಂದ್ ನಿಮಿಷ ತಡೀರಿ" ಎಂದು ಕೊನೆಯ ಸಲ ಹೇಳಿದ್ದು ಯಾವಾಗ?