ಕಿವಿಯಿಂದ ಗೆದ್ದ 'ಕುಲುಮೆ ಗ್ರಹ'

ಕೊರೊನಾ ಕಳೆದು ಊರು ಮತ್ತೆ ಮೊದಲಿನ ಲಯಕ್ಕೆ ಮರಳುತ್ತಿದ್ದ ಕಾಲ. ಶಿವಮೊಗ್ಗದ ಗೋಪಾಳದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿದ್ದ ನಮ್ಮ ಪುಟ್ಟ ಗೇಮ್ ಸ್ಟುಡಿಯೊಗೆ ನಾನು ಮುಖ್ಯ ಪ್ರೋಗ್ರಾಮರ್. ಅದಕ್ಕೂ ಮೊದಲು ಹಲವು ವರ್ಷ ಬೇರೆಯವರ ಗೇಮ್‌ಗಳಿಗೆ ಕೋಡ್ ಬರೆದಿದ್ದೆ. ನಮ್ಮದೇ ಹೆಸರಿನಲ್ಲಿ ಹೊರಬರಲಿದ್ದ ಮೊದಲ ಗೇಮ್ 'ಕುಲುಮೆ ಗ್ರಹ'.

ಇದು ಸೈಡ್ ಸ್ಕ್ರೋಲರ್ ಜಾತಿಯ ಆಟ. ಅಂದರೆ, ನಾಯಕಿ ಎಡದಿಂದ ಬಲಕ್ಕೆ ಓಡುತ್ತಾಳೆ, ಅವಳ ಜೊತೆ ಪರದೆಯ ಮೇಲಿನ ಲೋಕವೂ ಸರಿಯುತ್ತಾ ಹೋಗುತ್ತದೆ. ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ಗೇಮ್‌ಗಳ ಚೌಕಚೌಕ ಚಿತ್ರಗಳನ್ನೇ ಬೇಕೆಂದು ಉಳಿಸಿಕೊಂಡಿದ್ದೆವು. ನಾಯಕಿಯ ಹೆಸರು ಗಗನಾ, ಬಾಹ್ಯಾಕಾಶ ನೌಕೆಯೊಂದರ ಮೆಕ್ಯಾನಿಕ್. ಯಂತ್ರಗಳು ಮಾತ್ರ ಉಳಿದಿರುವ ಗ್ರಹವೊಂದರ ಮೇಲೆ ಅವಳ ನೌಕೆ ಬೀಳುತ್ತದೆ. ಆ ಗ್ರಹದ ನಡುವೆ ಇರುವ ಮಹಾಕುಲುಮೆಯನ್ನು ಮತ್ತೆ ಹೊತ್ತಿಸಿದರೆ ಮಾತ್ರ ಅವಳು ಮನೆಗೆ ಮರಳಬಲ್ಲಳು.

ಚಿತ್ರಗಳನ್ನೆಲ್ಲ ಬರೆದವಳು ಸೆಲ್ವಿ, ಭದ್ರಾವತಿ ಓಲ್ಡ್ ಟೌನ್‌ನ ಹುಡುಗಿ. ವ್ಯವಹಾರ ನೋಡಿಕೊಳ್ಳುತ್ತಿದ್ದವನು ನನ್ನ ಪಾಲುದಾರ ರುದ್ರೇಶ. ಗೇಮ್ ಬಿಡುಗಡೆ ಮಾಡಲು ವಿದೇಶದ ಪ್ರಕಾಶಕರೊಬ್ಬರನ್ನು ಒಪ್ಪಿಸಿದ್ದವನೂ ಅವನೇ.

ಕೆಲಸ ಮುಕ್ಕಾಲು ಮುಗಿದಿದ್ದಾಗ ಸೆಲ್ವಿಯ ಅಣ್ಣ ಶರವಣ ಸ್ಟುಡಿಯೊಗೆ ಬಂದ. ಆಟೋ ಮೇಲೆ ಮೈಕು ಕಟ್ಟಿ ಊರು ಸುತ್ತುವ ಜಾಹೀರಾತುಗಳಿಗೆ ದನಿ ಕೊಡುವುದು ಅವನ ಕೆಲಸ. ಸೀರೆ ಮಾರಾಟ, ದಂತ ಶಿಬಿರ, ಹೊಸ ಹೋಟೆಲ್ ಎಲ್ಲಕ್ಕೂ ಅವನದೇ ಕಂಠ. ಮೂವತ್ತು ದಾಟುವ ಹೊತ್ತಿಗೆ ಅವನ ಎರಡೂ ಕಣ್ಣುಗಳ ದೃಷ್ಟಿ ಪೂರ್ತಿ ಹೋಗಿತ್ತು. ಚಿಕ್ಕಂದಿನಲ್ಲಿ ಅಣ್ಣ ತಂಗಿ ಒಂದೇ ಟಿವಿಯ ಮುಂದೆ ಕೂತು ಆಡುತ್ತಿದ್ದರಂತೆ. ಸೆಲ್ವಿ ಒಮ್ಮೆಯೂ ಗೆದ್ದಿರಲಿಲ್ಲವಂತೆ.

"ಎಲ್ಲಿ, ನಿನ್ನ ಗೇಮು ಕೊಡು ಇಲ್ಲಿ," ಎಂದು ಅವನು ಕಂಟ್ರೋಲರ್‌ಗೆ ಕೈ ಚಾಚಿದ. ದಾರಿಯಲ್ಲಿ ಹಾರಿ ದಾಟಬೇಕಾದ ಮೊದಲ ಹೊಂಡದಲ್ಲೇ ಬಿದ್ದ. ಮತ್ತೆ ಆಡಿದ, ಮತ್ತೆ ಬಿದ್ದ. ಸೆಲ್ವಿ ಪಕ್ಕದಲ್ಲಿ ನಿಂತು "ಈಗ ಹಾರು ಅಣ್ಣಾ, ಈಗ!" ಎಂದು ಕೂಗತೊಡಗಿದಳು. ಅವನು ಕಂಟ್ರೋಲರ್ ಕೆಳಗಿಟ್ಟ.

"ನೀನು ಹೇಳಿ ನಾನು ಹಾರಿದ್ರೆ ಆಡಿದ್ದು ನೀನಾಯ್ತಲ್ಲಮ್ಮಾ, ನಾನೆಲ್ಲಿ ಆಡ್ದೆ?"

ನಾನು ಅವನಿಗಾಗಿ ಹೊಂಡಗಳಿಲ್ಲದ ಸುಲಭದ ದಾರಿಯೊಂದನ್ನು ಮಾಡಿಕೊಡುತ್ತೇನೆ ಎಂದೆ. ಅವನಿಗೆ ಸಿಟ್ಟೇ ಬಂತು. "ಅಕ್ಕಾ, ಹೊಂಡ ಮುಚ್ಬೇಡಿ. ಎಷ್ಟು ಕಷ್ಟ ಇದ್ಯೋ ಅಷ್ಟೇ ಇರ್ಲಿ. ಹೊಂಡ ಎಲ್ಲಿದೆ ಅಂತ ನನ್ನ ಕಿವಿಗೆ ಗೊತ್ತಾಗ್ಲಿ, ಸಾಕು."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಗೇಮ್‌ನ ಶಬ್ದಗಳನ್ನೆಲ್ಲ ಹೊಸದಾಗಿ ಕಟ್ಟಬೇಕು ಎಂದು ರುದ್ರೇಶನಿಗೆ ಹೇಳಿದೆ.

"ಮಾರಾಯ್ತಿ, ನಿನಗೆ ತಲೆ ಸರಿ ಇದ್ಯಾ?" ಎಂದ ಅವನು. "ಪ್ರಕಾಶಕರ ಕಡೆಯವರು ಮುಂದಿನ ತಿಂಗಳು ಬರ್ತಾರೆ. ಕಾಲೇಜ್ ಹಾಲ್‌ನಲ್ಲಿ ಎಲ್ಲರ ಮುಂದೆ ಆಡಿ ತೋರಿಸ್ಬೇಕು. ಅವತ್ತು ಗೇಮ್ ಕೈಕೊಟ್ರೆ ಒಪ್ಪಂದ ಅಲ್ಲಿಗೇ ಮುಗೀತು."

ಅವನ ಭಯ ಸುಳ್ಳಾಗಿರಲಿಲ್ಲ. ಒಪ್ಪಂದ ಮುರಿದರೆ ಸ್ಟುಡಿಯೊ ಮುಚ್ಚಬೇಕಿತ್ತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು: ಪ್ರದರ್ಶನದೊಳಗೆ ಶರವಣ ಗೇಮನ್ನು ಒಬ್ಬನೇ ಮುಗಿಸಿದರೆ ಹೊಸ ಶಬ್ದ ಉಳಿಯುತ್ತದೆ, ಇಲ್ಲದಿದ್ದರೆ ಹಳೆಯದನ್ನೇ ತೋರಿಸುತ್ತೇವೆ.

ಮರುದಿನವೇ ನಾನೂ ಸೆಲ್ವಿಯೂ ರೆಕಾರ್ಡರ್ ಹಿಡಿದು ಹೊರಟೆವು. ಗಾಜನೂರಿನ ಅಣೆಕಟ್ಟೆಯ ಕೆಳಗೆ ನೀರು ಧುಮುಕುವ ಸದ್ದು ಹೊಂಡಗಳಿಗಾಯಿತು. ಓಲ್ಡ್ ಟೌನ್‌ನ ಲೇತ್ ವರ್ಕ್‌ಶಾಪಿನ ಕಿರುಗುಟ್ಟುವಿಕೆ ಕಾವಲು ಯಂತ್ರಗಳಿಗೆ, ಕಮ್ಮಾರನ ಸುತ್ತಿಗೆಯ ಪೆಟ್ಟು ಮೇಲೆ ಕೆಳಗೆ ಚಲಿಸುವ ಹಲಗೆಗಳಿಗೆ ಸೇರಿತು. ಪ್ರತಿ ಅಪಾಯಕ್ಕೂ ಬೇರೆ ಬೇರೆ ದನಿ ಕೊಟ್ಟೆವು. ಅಪಾಯ ಬಲಕ್ಕಿದ್ದರೆ ಬಲಗಿವಿಯಲ್ಲಿ, ಎಡಕ್ಕಿದ್ದರೆ ಎಡಗಿವಿಯಲ್ಲಿ ಕೇಳಬೇಕು. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ.

ಎಲ್ಲವನ್ನೂ ಜೋಡಿಸಿ ಲ್ಯಾಪ್‌ಟಾಪ್ ಹೊತ್ತು ಭದ್ರಾವತಿಗೆ, ಅವರ ಮನೆಗೆ ಹೋದೆವು. ಶರವಣ ಹೆಡ್‌ಫೋನ್ ಹಾಕಿಕೊಂಡ. ನಿಧಾನ ನಡೆದಾಗ ಎಲ್ಲ ಸರಿ ಇತ್ತು. ಓಡತೊಡಗಿದ ಕೂಡಲೇ ಬಿದ್ದ. ಎಷ್ಟು ಸಲ ಆಡಿದರೂ ಅದೇ ಕಥೆ. ಕೊನೆಗೆ ಹೆಡ್‌ಫೋನ್ ಕಿತ್ತು ನನ್ನ ಕೈಗಿಟ್ಟ.

"ಅಕ್ಕಾ, ಇದು ಸುಳ್ಳು ಹೇಳುತ್ತೆ. ಹೊಂಡ ಹಿಂದೆ ಹೋಯ್ತು ಅನ್ನುತ್ತೆ, ನಾನು ಅದರೊಳಗೇ ಬೀಳ್ತೀನಿ. ನೀವೇ ಕಣ್ಮುಚ್ಚಿ ಆಡಿ."

ಕಣ್ಣು ಮುಚ್ಚಿ ಓಡಿದೆ. ನೀರಿನ ಸದ್ದು ಬಲಗಿವಿಯಿಂದ ಎಡಗಿವಿಗೆ ದಾಟಿತು. ಹೊಂಡ ಹಿಂದೆ ಸರಿಯಿತು ಎಂದುಕೊಂಡು ಮುನ್ನುಗ್ಗಿದೆ, ಬಿದ್ದೆ. ಇನ್ನೊಮ್ಮೆ ಓಡಿ, ಸದ್ದು ಎಡಕ್ಕೆ ಬಂದೊಡನೆ ಆಟ ನಿಲ್ಲಿಸಿ ಕಣ್ಣು ತೆರೆದೆ. ಹೊಂಡ ಗಗನಾಳ ಮುಂದೆಯೇ ಇತ್ತು!

ಆಗ ಹೊಳೆಯಿತು. ನಾಯಕಿ ಓಡುವಾಗ ಮುಂದಿನ ದಾರಿ ಹೆಚ್ಚು ಕಾಣಲಿ ಎಂದು ಇಂಥ ಗೇಮ್‌ಗಳಲ್ಲಿ ಕ್ಯಾಮೆರಾ ಅವಳಿಗಿಂತ ಮುಂದೆ ಹೋಗುತ್ತದೆ. ಅವಳು ಪರದೆಯ ಎಡಭಾಗದಲ್ಲಿ ಉಳಿಯುತ್ತಾಳೆ. ಎಡ ಬಲ ಯಾವುದೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತಿದ್ದುದು ಪರದೆಯ ನಡುವಿನಿಂದ. ಅಂದರೆ ಗೇಮ್‌ನ ಕಿವಿ ಇದ್ದದ್ದು ಕ್ಯಾಮೆರಾದ ಮೇಲೆ, ಗಗನಾಳ ತಲೆಯ ಮೇಲಲ್ಲ. ನೋಡುತ್ತಾ ಆಡುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಹಾಗಾಗಿ ಯಾರೂ ಗಮನಿಸಿರಲಿಲ್ಲ.

ಅಲ್ಲೇ ಚಾಪೆಯ ಮೇಲೆ ಕೂತು ಕೋಡ್ ತೆರೆದೆ. ಸೆಲ್ವಿ ತಂದಿಟ್ಟ ಕಾಫಿ ಆರುವ ಮೊದಲೇ ಕಿವಿಯನ್ನು ಕ್ಯಾಮೆರಾದಿಂದ ಬಿಡಿಸಿ ಗಗನಾಳಿಗೆ ಕಟ್ಟಿದ್ದೆ.

ಶರವಣ ಮತ್ತೆ ಹೆಡ್‌ಫೋನ್ ಹಾಕಿ ಓಡಿದ. ಹಾರಿದ. ದಾಟಿದ. ಮುಂದಿನ ಹೊಂಡ, ಹಲಗೆ, ಕಾವಲು ಯಂತ್ರ, ಒಂದರ ಹಿಂದೊಂದು ದಾಟುತ್ತಲೇ ಹೋದ. ಅವನ ಮುಖ ಅರಳುತ್ತಾ ಹೋಯಿತು. ಸೆಲ್ವಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. "ಯಾಕೆ ಮೂಗು ಸೊರ್ ಅಂತಿದ್ಯ? ಸುಮ್ನಿರು, ಯಂತ್ರ ಕೇಳಿಸ್ತಿಲ್ಲ!" ಎಂದು ಅವನು ಗದರಿದ.

ಕೆಲವೇ ದಿನಗಳಲ್ಲಿ ಅವನು ಮಹಾಕುಲುಮೆಯವರೆಗೂ ತಲುಪಿದ. ಆದರೆ ಆ ಕೊನೆಯ ಹಂತ ಮಾತ್ರ ಪ್ರದರ್ಶನದ ಹಿಂದಿನ ದಿನದವರೆಗೂ ಅವನ ಕೈಗೆ ದಕ್ಕಲಿಲ್ಲ. "ನಾಳೆ ನಾನು ಆಡ್ತೀನಿ ಬಿಡು, ಹಳೇದನ್ನೇ ತೋರಿಸೋಣ," ಎಂದ ರುದ್ರೇಶ. ಶರವಣ ಮೆತ್ತಗೆ ಕೇಳಿದ: "ಅಣ್ಣಾ, ನೀವು ಅದನ್ನ ಮುಗಿಸಿದ್ದೀರಾ?" ರುದ್ರೇಶನೂ ಮುಗಿಸಿರಲಿಲ್ಲ. ಕಂಟ್ರೋಲರನ್ನು ಅವನ ಕೈಗಿಟ್ಟು, "ಆಯ್ತು, ನೀನೇ ಆಡಪ್ಪ," ಎಂದ.

ಹಾಲ್ ಭರ್ತಿಯಾಗಿತ್ತು. ಪ್ರಕಾಶಕರ ಪ್ರತಿನಿಧಿ ಮೊದಲ ಸಾಲಿನಲ್ಲಿ ಕೂತಿದ್ದರು. ಎಲ್ಲರಿಗೂ ಕೇಳಲೆಂದು ಶಬ್ದವನ್ನು ಹಾಲ್‌ನ ಸ್ಪೀಕರ್‌ಗಳಿಗೂ ಕೊಟ್ಟಿದ್ದೆವು. ಶರವಣ ಆಡಿದ, ಒಂದೊಂದು ಹಂತಕ್ಕೂ ಚಪ್ಪಾಳೆ ಏರಿತು. ಮಹಾಕುಲುಮೆಯ ಬಾಗಿಲಲ್ಲಿ ಆ ಗದ್ದಲ ಹೆಡ್‌ಫೋನಿನೊಳಗೂ ನುಗ್ಗಿತು, ಅವನು ಬಿದ್ದ. ಉಳಿದದ್ದು ಒಂದೇ ಜೀವ, ಇನ್ನೊಮ್ಮೆ ಬಿದ್ದರೆ ಆಟ ಮುಗಿದಂತೆ.

ಅವನು ವೇದಿಕೆಯ ಮೈಕಿನತ್ತ ಬಾಗಿ, ಊರಿಗೆಲ್ಲ ಪರಿಚಯವಿದ್ದ ಆ ಕಂಠದಲ್ಲಿ ಹೇಳಿದ: "ಮಾನ್ಯ ಮಹಾಜನರೇ! ದಯವಿಟ್ಟು ಸದ್ದು ಮಾಡ್ಬೇಡಿ. ಇದು ನನ್ನ ಕೊನೇ ಜೀವ!"

ಹಾಲ್ ನಕ್ಕಿತು. ಆಮೇಲೆ ಉಸಿರು ಬಿಗಿಹಿಡಿಯಿತು. ಸುತ್ತಿಗೆಯ ಪೆಟ್ಟು, ನೀರಿನ ಮೊರೆತ, ಲೇತಿನ ಕಿರುಚು ಮಾತ್ರ ಉಳಿದವು. ನನ್ನ ಅಕ್ಕಪಕ್ಕ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿಕೊಂಡು ಆಲಿಸುತ್ತಿದ್ದರು. ಶರವಣ ಹಲಗೆಯಿಂದ ಹಲಗೆಗೆ ಹಾರಿದ, ಒಂದು ಕ್ಷಣ ತಡೆದು ನಿಂತ, ಕೊನೆಯ ಯಂತ್ರದ ಬೆನ್ನ ಮೇಲಿಂದ ಜಿಗಿದು ಕುಲುಮೆಯ ಸನ್ನೆಗೋಲನ್ನು ಎಳೆದ. ಕುಲುಮೆ ಹೊತ್ತಿಕೊಂಡಿತು.

ಜನ ಎದ್ದು ನಿಂತು ಕೂಗಿದ ಕೂಗಿಗೆ ಹಾಲ್‌ನ ಚಾವಣಿಯ ಶೀಟುಗಳು ಅದುರಿದವು. ಎಲ್ಲರಿಗಿಂತ ಮೊದಲು ವೇದಿಕೆಗೆ ಓಡಿ ಶರವಣನನ್ನು ಎತ್ತಿಕೊಂಡವನು ರುದ್ರೇಶ. ಪ್ರತಿನಿಧಿ ನನ್ನ ಕೈ ಕುಲುಕಿ, ಈ ಶಬ್ದವಿಲ್ಲದೆ ಗೇಮ್ ಬಿಡುಗಡೆ ಮಾಡುವುದೇ ಬೇಡ ಎಂದರು.

ಹೇಳಿದ ದಿನಕ್ಕೇ ಗೇಮ್ ಬಿಡುಗಡೆಯಾಯಿತು, ನಾವು ಕೇಳರಿಯದ ಊರುಗಳಿಂದಲೂ ಅದನ್ನು ಕಿವಿಯಿಂದಲೇ ಮುಗಿಸಿದವರ ಸಂದೇಶಗಳು ಬಂದವು. ಒಬ್ಬರೂ ಆಟವನ್ನು ಸುಲಭ ಮಾಡಿ ಎಂದು ಕೇಳಿರಲಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಆಡಲು ಬಂದವರಿಗೆ ರಿಯಾಯಿತಿ ಕೊಡುವುದು ನಮ್ಮ ಕೆಲಸವಲ್ಲ. ಅವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಅವರಿಗೆ ಸರಿಯಾಗಿ ತಿಳಿಸಿ ದಾರಿ ಬಿಡಬೇಕು. ಗೆಲ್ಲುವುದನ್ನು ಅವರು ನೋಡಿಕೊಳ್ಳುತ್ತಾರೆ.