ಹಾಸಿಗೆ ಪಕ್ಕದ ಇಂಗ್ಲಿಷ್

ಅವರ ಕತ್ತಿನಲ್ಲಿ ಕರಿಮಣಿ ಸರಕ್ಕಿಂತ ಒಂದು ಬೆರಳು ಮೇಲೆ ಅಡ್ಡಕ್ಕೆ ಇನ್ನೊಂದು ಗೆರೆಯಿತ್ತು. ಥೈರಾಯ್ಡ್ ಆಪರೇಷನ್ನಿನ ಹಳೆಯ ಹೊಲಿಗೆ. ಅದಾದ ಮೇಲೆ ದನಿ ಇಳಿದುಹೋಗಿ, ಜೋರಾಗಿ ಮಾತಾಡಲು ಹೋದರೆ ಬರೀ ಗಾಳಿ ಬರುತ್ತಿತ್ತು. ಹಾಗಾಗಿ ಅವರು ಬಾಯಿ ತೆರೆದರೆ ಇಡೀ ವಾರ್ಡು ಬಾಯಿ ಮುಚ್ಚಬೇಕಿತ್ತು. ಬೈಸಿಕೊಳ್ಳಬೇಕಾದವರು ಹತ್ತಿರ ಹೋಗಿ, ಕಿವಿ ಕೊಟ್ಟು ಬಗ್ಗಿ ಬೈಸಿಕೊಳ್ಳಬೇಕಿತ್ತು. ನಾನು ಬಹಳ ಸಲ ಬಗ್ಗಿದ್ದೇನೆ.

ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ಅವರು ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ನಾನು ಬಾಗಲಕೋಟೆ ಕಡೆಯವಳು. ನರ್ಸಿಂಗ್ ಮುಗಿಸಿ ಬಂದು ಬಿಟಿಎಂನಲ್ಲಿ ಗೆಳತಿಯರ ಜೊತೆ ರೂಮು ಹಿಡಿದಿದ್ದೆ. ಸೂಜಿ ಚುಚ್ಚಲು ಹೆದರಿದವಳಲ್ಲ, ಹೆದರುತ್ತಿದ್ದದ್ದು ಇಂಗ್ಲಿಷಿಗೆ. ಡ್ಯೂಟಿ ಬದಲಾಗುವ ಮಧ್ಯಾಹ್ನ ಎರಡು ಗಂಟೆಗೆ ಒಂದೊಂದು ಹಾಸಿಗೆಯ ಪಕ್ಕ ನಿಂತು, ಬೆಳಗಿನಿಂದ ರೋಗಿಗೆ ಏನೇನಾಯಿತು ಎಂದು ಮುಂದಿನ ಸರದಿಯ ನರ್ಸಿಗೆ ಇಂಗ್ಲಿಷಿನಲ್ಲಿ ಒಪ್ಪಿಸಬೇಕು. ಅದಕ್ಕೆ ಹ್ಯಾಂಡೋವರ್ ಎನ್ನುತ್ತೇವೆ. ರೋಗಿಯೂ ಕೇಳಿಸಿಕೊಳ್ಳುತ್ತಿರುತ್ತಾರೆ, ಮನೆಯವರೂ ಕೇಳಿಸಿಕೊಳ್ಳುತ್ತಿರುತ್ತಾರೆ, ಸಿಸ್ಟರ್ ಕೈಕಟ್ಟಿ ನಿಂತಿರುತ್ತಿದ್ದರು.

ನಾನು ಆಗ ‘ಓನ್ಲಿ’ಯನ್ನು ವಾಕ್ಯದ ಬಾಲಕ್ಕೆ ಕಟ್ಟುತ್ತಿದ್ದೆ. ‘ಐ ಗೇವ್ ಟ್ಯಾಬ್ಲೆಟ್ ಓನ್ಲಿ’ ಎಂದರೆ ರೋಗಿಗಳ ಮನೆಯವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಸಿಸ್ಟರ್ ನಗಲಿಲ್ಲ. ಕ್ಯಾಂಟೀನಿನಲ್ಲಿ ಎದುರು ಕೂರಿಸಿಕೊಂಡು ಕಲಿಸಿದರು. ಓನ್ಲಿ, ಜಸ್ಟ್, ಹಾರ್ಡ್ಲಿ, ಬೇರ್ಲಿ ಎಲ್ಲ ಕ್ರಿಯಾಪದಕ್ಕಿಂತ ಮೊದಲೇ ಬಂದು ಕೂರಬೇಕು. ‘ಐ ಜಸ್ಟ್ ಆಸ್ಕ್ಡ್.’ ‘ಐ ಹಾರ್ಡ್ಲಿ ಸ್ಲೆಪ್ಟ್.’ ನಾನು ಹೊಸ ಬಳೆ ತೊಟ್ಟವಳಂತೆ ಎಲ್ಲೆಂದರಲ್ಲಿ ಅವನ್ನು ಆಡಿಸತೊಡಗಿದೆ. ಮನೆ ಓನರ್ ಆಂಟಿ ‘ಊಟ ಆಯ್ತಾ’ ಎಂದು ಕೇಳಿದರೂ ‘ಐ ಜಸ್ಟ್ ಕೇಮ್ ಆಂಟಿ’ ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಹ್ಯಾಂಡೋವರ್ ಕೊಡುತ್ತ, ಒಬ್ಬ ವಯಸ್ಸಾದ ರೋಗಿಯ ಪಕ್ಕ ನಿಂತು, ‘ಪೇಷೆಂಟ್ ಹಾರ್ಡ್ಲಿ ಏಟ್’ ಎಂದೆ. ಸರಿಯಾದ ಜಾಗದಲ್ಲಿ ಇಟ್ಟಿದ್ದೇನೆಂದು ಸಿಸ್ಟರ್ ಮುಖ ನೋಡಿದೆ.

“ಹಾರ್ಡ್ಲಿ ಅಂದ್ರೆ? ತಿಂದ್ರಾ, ತಿನ್ಲಿಲ್ವಾ?” ಎಂದರು.

“ಚಮಚೆಲೆ ಗಂಜಿ ಹಾಕಿದ್ನಿರಿ ಸಿಸ್ಟರ್. ಎಲ್ಲಾ ಹೊರಗ ಬಂತ್ರಿ.”

“ಹಾಗಾದ್ರೆ ತಿನ್ಲಿಲ್ಲ. ಹಾಗಂತ ಹೇಳೋಕೆ ಏನಮ್ಮ ಭಯ?”

ಆಗಲೇ ಆ ಮುದುಕರ ಮಗಳು ಫೋನು ತೆಗೆದು ಯಾರಿಗೋ ‘ಅಪ್ಪ ಸ್ವಲ್ಪ ಊಟ ಮಾಡಿದ್ರಂತೆ’ ಎನ್ನುತ್ತಿದ್ದಳು. ಸಿಸ್ಟರ್ ಅವಳ ಬಳಿ ಹೋಗಿ, ಇಲ್ಲಮ್ಮ, ಮಾಡಿಲ್ಲ ಎಂದು ತಿದ್ದಿದರು. ಅವಳ ಮುಖ ಬಿದ್ದುಹೋಯಿತು. ಕಲಿಸಿದವರೇ ಕಿತ್ತುಕೊಂಡರಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಈ ಹೆಂಗಸಿಗೆ ಕರುಣೆಯಿಲ್ಲ ಎಂದೂ ಅಂದುಕೊಂಡೆ.

ಹಾಗಂತ ವಾರ್ಡಿನ ಆಚೆ ಅವರಿಗೂ ಆ ಪದಗಳು ಬೇಕಿದ್ದವು. ಜಯನಗರದ ಫೋರ್ತ್ ಬ್ಲಾಕಿನಲ್ಲಿ ನನ್ನನ್ನು ಕರೆದುಕೊಂಡು ಸೀರೆ ಅಂಗಡಿಗೆ ನುಗ್ಗಿ, ಅರ್ಧ ಕಪಾಟು ಕೆಳಗಿಳಿಸಿ, ‘ವೀ ಆರ್ ಜಸ್ಟ್ ಲುಕಿಂಗ್’ ಎಂದು ಎದ್ದು ಬಂದವರು ಅವರು. ಅಂಗಡಿಯವನ ಮೋರೆ ನೋಡಲಾಗದೆ ನಾನು ಮೊದಲೇ ಮೆಟ್ಟಿಲಿಳಿದಿದ್ದೆ. “ಅಂಗಡೀಲಿ ಹೇಳಿದ್ರೆ ಯಾರೂ ಸಾಯಲ್ಲ ಕಣೇ” ಎಂದರು.

ಯಾರು ಸತ್ತಿದ್ದರು ಎನ್ನುವುದನ್ನು ಅವರು ಹೇಳಿದ್ದು ಒಮ್ಮೆ ಮಾತ್ರ, ಉಪ್ಪಿಟ್ಟು ತಿನ್ನುತ್ತ. ಅವರು ಹೊಸದಾಗಿ ಕೆಲಸಕ್ಕೆ ಸೇರಿದಾಗ ಬೇರೊಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾದ ಒಬ್ಬ ಹುಡುಗಿ. ಹ್ಯಾಂಡೋವರ್ ಕೊಟ್ಟ ನರ್ಸು ‘ಶೀ ಈಸ್ ಜಸ್ಟ್ ಟೈರ್ಡ್’ ಎಂದಿದ್ದಳು.

“ಜಸ್ಟ್ ಅಂದ್ಳಲ್ಲ, ನಾನು ಮುಂದಿನ ಬೆಡ್‌ಗೆ ಹೋದೆ. ಹೊದಿಕೆ ತೆಗೆದು ನೋಡ್ಲಿಲ್ಲ. ಅದರಡಿಯಲ್ಲೇ ರಕ್ತ ಹೋಗ್ತಾ ಇತ್ತು. ಕತ್ತಲಾಗೋದ್ರೊಳಗೆ ಹೋದ್ಲು.” ತಟ್ಟೆಯಲ್ಲಿದ್ದ ಒಂದು ಮೆಣಸಿನಕಾಯಿಯನ್ನು ಪಕ್ಕಕ್ಕೆ ಸರಿಸಿದರು. “ಕನ್ನಡದಲ್ಲಿ ‘ಅಷ್ಟೇ’ ಅನ್ನೋದು ಕೊನೇಲಿ ಬರುತ್ತೆ. ಅಷ್ಟರಲ್ಲಿ ವಿಷಯ ಕಿವಿಗೆ ಬಿದ್ದಿರುತ್ತೆ. ಇಂಗ್ಲಿಷ್‌ನಲ್ಲಿ ಇವು ಮೊದಲೇ ಬಂದು, ಏನೂ ಇಲ್ಲ ಮಲ್ಕೋ ಅಂತ ತಟ್ಟಿಬಿಡ್ತವೆ. ಆಮೇಲೆ ವಿಷಯ ಬಂದ್ರೂ ಎಚ್ಚರ ಇರಲ್ಲ ನಮಗೆ.”

ಅಂದಿನಿಂದ ನಾನೂ ಹಾಸಿಗೆ ಪಕ್ಕ ಆ ಪದಗಳನ್ನು ಬಿಟ್ಟೆ.

ಅವರ ಕಣ್ಣು ಹಳದಿಯಾದದ್ದನ್ನು ಮೊದಲು ನೋಡಿದ್ದು ಅವರೇ, ಕೈ ತೊಳೆಯುವ ಜಾಗದ ಕನ್ನಡಿಯಲ್ಲಿ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್; ಗೊತ್ತಾಗುವ ಹೊತ್ತಿಗೆ ಹರಡಿತ್ತು. ಹರಡಿದ್ದನ್ನು ಡಾಕ್ಟರು ಅವರಿಗೆ ಹೇಳಲಿಲ್ಲ, ಅವರ ಯಜಮಾನರಿಗೆ ಹೇಳಿದರು. ನಮ್ಮಲ್ಲಿ ಹಾಗೇ ನಡೆಯುವುದು. ನಮ್ಮ ವಾರ್ಡಿನಲ್ಲೇ ಕಿಟಕಿ ಪಕ್ಕದ ಹಾಸಿಗೆ ಕೊಟ್ಟರು.

ಯಜಮಾನರು ಮಾತು ಕಡಿಮೆಯ ಮನುಷ್ಯ. ಮಕ್ಕಳಿರಲಿಲ್ಲ. ದಿನವೂ ಉತ್ತರಹಳ್ಳಿಯಿಂದ ಬಸ್ಸಿನಲ್ಲಿ ಸ್ಟೀಲ್ ಡಬ್ಬಿ ಹಿಡಿದು ಬರುತ್ತಿದ್ದರು. ಮೊದಲ ದಿನ ಬಂದವರೇ ನಮ್ಮ ಕೌಂಟರಿನ ಮುಂದೆ ನಿಂತು, “ಅವಳಿಗೆ ಏನೂ ತಿಳೀಬಾರದು. ನಿಮ್ಮ ಇಂಗ್ಲಿಷ್‌ನಲ್ಲೂ ಹೇಳ್ಬೇಡಿ” ಎಂದರು. ಕೈ ಮುಗಿದರು. ಮುಗಿದ ಕೈಗೆ ಯಾರು ಇಲ್ಲವೆನ್ನುತ್ತಾರೆ. ಅಂದಿನಿಂದ ಅವರ ಹಾಸಿಗೆ ಪಕ್ಕ ಹುಡುಗಿಯರೆಲ್ಲ ಜಸ್ಟ್ ವೀಕ್, ಹಾರ್ಡ್ಲಿ ಎನಿ ಪೇನ್ ಎಂದು ಶುರುಮಾಡಿದರು. ಯಾವ ಹೆಂಗಸು ಆ ಪದಗಳನ್ನು ವಾರ್ಡಿನಿಂದ ಓಡಿಸಿದ್ದರೋ ಅವರ ತಲೆದೆಸೆಯಲ್ಲೇ ಅವು ವಾಪಸು ಬಂದವು. ಸಿಸ್ಟರ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಮೈ ಒರೆಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದರು. ನಾನು ಬಗ್ಗಿದೆ.

“ನನ್ನನ್ನ ಐಸಿಯುಗೆ ಹಾಕೋ ಮಾತಾಡ್ತಿದಾರೆ. ಅಲ್ಲಿಂದ ವಾಪಸ್ ಬರೋ ಹಾಗಿದ್ರೆ ಹೋಗ್ತೀನಿ. ಬರೋ ಹಾಗಿಲ್ಲ ಅಂದ್ರೆ ಬಾಯಿಗೆ ಟ್ಯೂಬ್ ಹಾಕಿಸ್ಕೊಂಡು ಯಾಕೆ ಸಾಯ್ಲಿ, ಮನೆ ಇದೆ. ಯಾರೂ ಸರಿಯಾಗಿ ಹ್ಯಾಂಡೋವರ್ ಕೊಡ್ತಿಲ್ಲ. ಇವತ್ತು ನೀನು ಕೊಡು.”

“ಸರ್ ಬ್ಯಾಡ ಅಂದಾರ್ರಿ ಸಿಸ್ಟರ್.”

“ಪೇಷೆಂಟ್ ಯಾರು? ಅವರಾ, ನಾನಾ?”

ಎರಡು ಗಂಟೆಗೆ ಯಜಮಾನರು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಅವರ ಕಡೆ ನೋಡಿದರೆ ಬಾಯಿ ಕಟ್ಟುತ್ತದೆಂದು ನಾನು ಡ್ರಿಪ್ಪಿನ ಬಾಟಲಿ ನೋಡಿಕೊಂಡು ಹೇಳಿದೆ. ಪೇಷೆಂಟ್ ಡಿಡ್ ನಾಟ್ ಈಟ್. ಡಿಡ್ ನಾಟ್ ಪಾಸ್ ಯೂರಿನ್. ಬಿಪಿ ಇಳಿಯುತ್ತಿದೆ, ಔಷಧಿ ಹೆಚ್ಚಿಸಿದರೂ ಏರುತ್ತಿಲ್ಲ.

ಸಿಸ್ಟರ್ ಕಣ್ಣು ತೆರೆದರು. “ಯೂರಿನ್, ನಿನ್ನೆ?”

“ನಿನ್ನೆನೂ ಇಲ್ರಿ.”

ಕಿಡ್ನಿ ನಿಂತಿದೆ, ಇನ್ನು ಉಳಿದದ್ದು ಒಂದೆರಡು ದಿನ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಯಜಮಾನರ ಕಡೆ ಕತ್ತು ಹೊರಳಿಸಿ, “ರೀ, ಮನೆಗೆ ಹೋಗೋಣ” ಎಂದರು.

ಯಜಮಾನರು ಎದ್ದರು. ಡಬ್ಬಿ ನೆಲಕ್ಕೆ ಬಿದ್ದು ಗಂಜಿ ಮಂಚದ ಕೆಳಗೆ ಹರಿಯಿತು. “ಹೇಳ್ಬೇಡ ಅಂತ ಕೈ ಮುಗಿದಿದ್ನಲ್ಲಮ್ಮ ನಿನಗೆ” ಎಂದವರು ಗೋಡೆ ಕಡೆ ತಿರುಗಿ ನಿಂತರು. ಆ ಬೆನ್ನು ನೋಡುತ್ತ ನನಗೆ, ನಾನೇ ಸಿಸ್ಟರನ್ನು ಕೊಂದೆ ಅನ್ನಿಸಿತು. ಸಿಸ್ಟರ್ ಮಾತ್ರ ಕೆಳಗೆ ಚೆಲ್ಲಿದ್ದನ್ನು ಒರೆಸಲು ಆಯಾಗೆ ಹೇಳು, ಯಾರಾದ್ರೂ ಜಾರ್ತಾರೆ ಎಂದರು. ಸಂಜೆಯೊಳಗೆ ಆಂಬುಲೆನ್ಸ್ ಬಂತು. ಸ್ಟ್ರೆಚರ್ ಲಿಫ್ಟಿಗೆ ಹೋಗುವಾಗ ನನ್ನ ಕೆನ್ನೆ ಮುಟ್ಟಿದರು.

ಮೂರನೆಯ ಬೆಳಿಗ್ಗೆ ಸುದ್ದಿ ಬಂತು. ಉತ್ತರಹಳ್ಳಿಯ ಆ ಬೀದಿಗೆ ಹೋದಾಗ ಮನೆ ಮುಂದೆ ಚಪ್ಪಲಿಗಳು, ಪ್ಲಾಸ್ಟಿಕ್ ಕುರ್ಚಿಗಳು. ಒಳಗೆ ಯಾರೋ ನೆಂಟರು ಬಂದವರಿಗೆಲ್ಲ, ಅವರಿಗೆ ಏನೂ ಕಷ್ಟವೇ ಆಗಲಿಲ್ಲ, ನಿದ್ದೆಯಲ್ಲಿ ಹೋದ ಹಾಗೆ ಹೋದರು ಎಂದು ಸಮಾಧಾನ ಹೇಳುತ್ತಿದ್ದರು. ಯಜಮಾನರು ನನ್ನನ್ನು ನೋಡಿಯೂ ನೋಡದಂತೆ ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಸಿಸ್ಟರ್ ಕಾಲಿಗೆ ನಮಸ್ಕಾರ ಮಾಡಿ, ಹೂವಿಟ್ಟು, ಹಿಂದಿರುಗಿ ಚಪ್ಪಲಿ ಹುಡುಕುತ್ತಿದ್ದೆ.

ಯಜಮಾನರು ಹೊರಗೆ ಬಂದು ನನ್ನ ಪಕ್ಕ ನಿಂತರು. ರಸ್ತೆ ನೋಡಿಕೊಂಡು ಹೇಳಿದರು: “ರಾತ್ರಿಯೆಲ್ಲ ನೋವಿತ್ತು. ಬೆಳಿಗ್ಗೆ ಕಾಫಿ ಕೇಳಿದಳು. ಮಾಡಿದೆ. ಕುಡೀಲಿಲ್ಲ. ನನ್ನ ಕೈ ಹಿಡ್ಕೊಂಡಿದ್ದಳು. ಹೋದಳು.”

ಹ್ಯಾಂಡೋವರ್ ತೆಗೆದುಕೊಂಡವಳಂತೆ ನಾನು ತಲೆಯಾಡಿಸಿದೆ. ಅವರು ಒಳಗೆ ಹೋದರು.