ಎಡಗೈ ನೂಲು

ಹೋದ ವಾರ ದಿಂಬಿನ ಚೀಲವೊಂದನ್ನು ಹೊಲಿಯಲು ಕೂತಿದ್ದೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ಮಿಷನ್ ಮಾರಿಲ್ಲ. ಕಿಟಕಿಯ ಪಕ್ಕದಲ್ಲಿ ಅದು ನನ್ನ ಹಾಗೆಯೇ ಸ್ವಲ್ಪ ಗೊಣಗುತ್ತಾ ಈಗಲೂ ಓಡುತ್ತದೆ. ಹೊಸದಾಗಿ ತಂದ ಬಿಳಿ ದಾರ ಹಾಕಿದ್ದೆ. ಎರಡು ಗೇಣು ಹೊಲಿಯುವಷ್ಟರಲ್ಲಿ ದಾರ ಹಿಂಜಿಕೊಂಡು ಕಿತ್ತುಹೋಯಿತು. ಮತ್ತೆ ಪೋಣಿಸಿದೆ, ಮತ್ತೆ ಕಿತ್ತಿತು. ಸೂಜಿ ಬದಲಾಯಿಸಿದೆ, ಎಣ್ಣೆ ಬಿಟ್ಟೆ, ಮಿಷನ್ನಿಗೆ ನಾಲ್ಕು ಮಾತು ಬೈದೆ. ಕೊನೆಗೆ ದಾರದ ತುದಿಯನ್ನು ಬೆರಳುಗಳ ನಡುವೆ ಹಿಡಿದು ಹೊಸೆದು ನೋಡಿದೆ. ಬೇರೆ ದಾರಗಳೆಲ್ಲ ಯಾವ ಕಡೆಗೆ ಹೊಸೆದರೆ ಬಿಗಿಯಾಗುತ್ತವೋ ಆ ಕಡೆಗೆ ಹೊಸೆದರೆ ಇದು ಬಿಚ್ಚಿಕೊಳ್ಳುತ್ತಿತ್ತು. ಇದರ ಹುರಿ ಉಲ್ಟಾ.

ನೀವು ಹೊಲಿಗೆಯವರಲ್ಲದಿದ್ದರೆ ದಾರಕ್ಕೆ ಎಡ ಬಲ ಉಂಟು ಎನ್ನುವುದನ್ನು ಯೋಚಿಸಿರಲಾರಿರಿ. ಯೋಚಿಸದಿದ್ದರೂ ಬದುಕು ನಡೆಯುತ್ತದೆ. ನನ್ನದು ಮಾತ್ರ ಅಲ್ಲೇ ನಿಂತುಬಿಟ್ಟಿತು. ಇಂಥ ನೂಲನ್ನು ನಾನು ಮೊದಲು ಮುಟ್ಟಿದ್ದು ಟೈಲರ್ ಆಗುವುದಕ್ಕೂ ಮುಂಚೆ, ಹನ್ನೊಂದನೇ ವಯಸ್ಸಿನಲ್ಲಿ. ಅದು ನನ್ನ ತಂಗಿ ಚಿಕ್ಕತಾಯಿ ನೂತ ನೂಲು. ಅದನ್ನು ನಾನು ಕದ್ದಿದ್ದೆ.

ಆಗ ನಮ್ಮ ಮನೆ ಮೈಸೂರಿನ ಜಯಲಕ್ಷ್ಮಿಪುರಂನ ಬಂಗಲೆಗಳ ಬೆನ್ನಿಗಿದ್ದ ಕೇರಿಯಲ್ಲಿತ್ತು. ಆ ಕಡೆ ಪ್ರೊಫೆಸರುಗಳು, ಈ ಕಡೆ ಎಮ್ಮೆ ಕಟ್ಟಿಕೊಂಡ ನಾವು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮ ಪ್ರೈಮರಿ ಸ್ಕೂಲು ಒಂದು ಹಳೆಯ ಹೆಂಚಿನ ಮನೆ. ಮೂರು ಕೋಣೆ, ಒಂದು ಜಗುಲಿ, ಹಿಂದೆ ಸ್ವಲ್ಪ ಬಯಲು. ನನಗೆ ನಾಲ್ಕನೇ ಕ್ಲಾಸು ಎಷ್ಟು ಒಗ್ಗಿತ್ತೆಂದರೆ ಅದರಲ್ಲಿ ಎರಡು ವರ್ಷ ಕೂತೆ. ನಾನು ಅಲ್ಲೇ ಕೂತಿರುವಾಗ, ಒಂದೂವರೆ ವರ್ಷಕ್ಕೆ ಚಿಕ್ಕವಳಾದ ತಂಗಿ ಮೂರನೆಯದನ್ನು ಮುಗಿಸಿಕೊಂಡು ಬಂದು ಪಕ್ಕದ ಸಾಲಿನಲ್ಲಿ ಕೂತಳು. ಹುಡುಗರು ನನ್ನನ್ನು "ನಾಲ್ಕನೇ ಕ್ಲಾಸಿನ ಯಜಮಾನ್ರು" ಎಂದು ಕರೆಯುತ್ತಿದ್ದರು. ಅವಳನ್ನು ಕರೆಯಲು ಅಷ್ಟು ಉದ್ದದ ಹೆಸರು ಬೇಕಿರಲಿಲ್ಲ. "ಎಡಚಿ" ಅಂದರೆ ಸಾಕಿತ್ತು.

ಆ ಜೂನ್‌ನಲ್ಲಿ ಸ್ಕೂಲು ತೆರೆದಾಗ ಮೇಷ್ಟ್ರು ಹೊಸ ಕ್ರಮ ತಂದರು. ಬೆಳಿಗ್ಗೆ ಪಾಠ, ಮಧ್ಯಾಹ್ನ ಕೆಲಸ. ಸೋಮವಾರ ಸ್ಕೂಲು ಗುಡಿಸಿ ಸಾರಿಸುವುದು, ಮಂಗಳವಾರ ಗುರುವಾರ ತೋಟ, ಬುಧವಾರ ಮತ್ತು ಶನಿವಾರ ತಕಲಿಯಲ್ಲಿ ಹತ್ತಿ ನೂಲುವುದು, ಶುಕ್ರವಾರ ಶಾರದಾ ಪೂಜೆ. ಪೂಜೆಗೆ ಮನೆಯಿಂದ ಒಬ್ಬರು ಕಡಲೆ, ಒಬ್ಬರು ಬೆಲ್ಲ, ಒಬ್ಬರು ಕೊಬ್ಬರಿ ತರಬೇಕು. ಎಲ್ಲ ಬೆರೆಸಿದರೆ ಅದೇ ಚರುಪು. ಹಂಚುವ ಅಧಿಕಾರ ಕ್ಲಾಸಿಗೇ ಉದ್ದವಿದ್ದ ನನ್ನದು. ಈ ದೇಶದಲ್ಲಿ ನಾನು ಹಿಡಿದ ಅಧಿಕಾರ ಅದೊಂದೇ, ಅದನ್ನೂ ಸರಿಯಾಗಿ ನಡೆಸಲಿಲ್ಲ. ಚಿಕ್ಕತಾಯಿ ಮರೆತು ಎಡಗೈ ಒಡ್ಡಿದರೆ "ಈ ಕೈಗಿಲ್ಲ, ಹೋಗು" ಎಂದು ಮುಂದಕ್ಕೆ ಹೋಗುತ್ತಿದ್ದೆ. ಅವಳು ಆ ಕೈಯನ್ನು ಲಂಗದ ಮಡಿಕೆಯೊಳಗೆ ತೂರಿಸಿಕೊಂಡು ಬಲಗೈ ಚಾಚುತ್ತಿದ್ದಳು. ಅವಳ ಎಡಗೈ ಹೆಚ್ಚು ಹೊತ್ತು ಲಂಗದೊಳಗೇ ಇರುತ್ತಿತ್ತು. ಬರೆಯಲು ಹೊರಗೆ ಬಂದರೆ ಮೇಷ್ಟ್ರು ಬಳಪವನ್ನು ಬಲಗೈಗೆ ದಾಟಿಸುತ್ತಿದ್ದರು. ಮನೆಯಲ್ಲಿ ಅವ್ವ ಬೆನ್ನ ಮೇಲೊಂದು ಬಿಡುತ್ತಿದ್ದಳು.

ಇಷ್ಟೆಲ್ಲ ಬದಲಾದದ್ದು ಒಂದು ಅವರೆ ಬಳ್ಳಿಯಿಂದ. ಹಿಂದಿನ ಬಯಲಲ್ಲಿ ನಾವು ಚಪ್ಪರದವರೆ ಹಾಕಿ ಕಡ್ಡಿ ನೆಟ್ಟಿದ್ದೆವು. ಒಂದು ಗುರುವಾರ ಚಿಕ್ಕತಾಯಿ ಬಳ್ಳಿಗಳ ಮುಂದೆ ಕುಕ್ಕರಗಾಲಲ್ಲಿ ಕೂತವಳು ಏಳಲೇ ಇಲ್ಲ.

"ಸಾರ್, ಎಲ್ಲಾ ಬಳ್ಳಿನೂವೆ ಒಂದೇ ಕಡೀಕೆ ಸುತ್ಕತವಲ್ಲ ಸಾರ್, ಯಾಕೆ?"

ಮೇಷ್ಟ್ರು ಬಗ್ಗಿ ಒಂದೊಂದೇ ಕಡ್ಡಿ ನೋಡಿದರು. ಹೌದು, ಒಂದೂ ತಪ್ಪಿರಲಿಲ್ಲ. "ಗೊತ್ತಿಲ್ಲ ಕಣಮ್ಮ" ಅಂದರು. ಮೇಷ್ಟ್ರೊಬ್ಬರು ಗೊತ್ತಿಲ್ಲ ಅನ್ನುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. "ಬಿಚ್ಚಿ ಈ ಕಡೆಗೆ ಸುತ್ತಿ ನೋಡೋಣ, ಏನ್ಮಾಡುತ್ತೋ" ಎಂದು ಅವರೇ ಒಂದು ಬಳ್ಳಿ ಬಿಡಿಸಿ, ಉಲ್ಟಾ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದರು. ಶುಕ್ರವಾರದಿಂದ ಸೋಮವಾರದವರೆಗೆ ಕ್ಲಾಸಿಗೆ ಬೇರೆ ಮಾತಿಲ್ಲ. ಹೋಗಿ ನೋಡುವುದು, ಬಂದು ಹೇಳುವುದು. ಸೋಮವಾರ ನೋಡಿದರೆ ಕಟ್ಟಿದ್ದಷ್ಟು ಕಟ್ಟಿದಲ್ಲೇ ಇದೆ, ಆದರೆ ಹೊಸದಾಗಿ ಚಿಗುರಿದ ತುದಿ ನಾರನ್ನು ದಾಟಿ ತನ್ನ ಹಳೆಯ ಕಡೆಗೇ ತಿರುಗಿದೆ.

ಮೇಷ್ಟ್ರು ಬಳ್ಳಿಯನ್ನೂ ನೋಡಿದರು, ಪಕ್ಕದಲ್ಲಿ ಲಂಗದೊಳಗೆ ಕೈಯಿಟ್ಟುಕೊಂಡು ನಿಂತಿದ್ದ ಚಿಕ್ಕತಾಯಿಯನ್ನೂ ನೋಡಿದರು. "ಬರೆಯೋದು ಬಲಗೈಲೇ ಬರಿ, ಇನ್ಸ್‌ಪೆಕ್ಟರ್ ಬರ್ತಾರೆ. ತಕಲಿ ಮಾತ್ರ ನಿನಗೆ ಹೇಗೆ ಬರುತ್ತೋ ಹಾಗೆ ತಿರುಗಿಸು" ಅಂದರು. ಬಳ್ಳಿಗೂ ಇನ್ಸ್‌ಪೆಕ್ಟರಿಗೂ ನಡುವೆ ಅವರು ಅಷ್ಟು ಜಾಗ ಮಾಡಿಕೊಟ್ಟರು.

ಬುಧವಾರ ಅವಳು ಎಡಗೈಯಲ್ಲಿ ತಕಲಿ ತಿರುಗಿಸಿದಳು. ನಾನು ನೋಡುತ್ತಾ ಕೂತೆ, ಏಕೆಂದರೆ ನನ್ನದು ಆಗಲೇ ಕಿತ್ತುಹೋಗಿತ್ತು. ಹತ್ತಿಯ ಹಂಜಿ ಹಿಡಿದ ಬಲಗೈ ಮೆಲ್ಲಗೆ ಮೇಲೇರುತ್ತಿತ್ತು, ಕೆಳಗೆ ತಕಲಿಯ ಹಿತ್ತಾಳೆ ಬಿಲ್ಲೆ ನಿಂತಲ್ಲೇ ನಿಂತಂತೆ ಸುತ್ತುತ್ತಿತ್ತು, ನಡುವೆ ಏನೂ ಇಲ್ಲದಲ್ಲಿ ನೂಲು ಹುಟ್ಟುತ್ತಿತ್ತು. ನನ್ನ ನೂಲು ಒಂದು ಕಡೆ ಬಾವಿ ಹಗ್ಗ, ಇನ್ನೊಂದು ಕಡೆ ಜೇಡರ ಬಲೆ. ಅವಳದು ಮೊದಲಿಂದ ಕೊನೆಯವರೆಗೆ ಒಂದೇ ಸಮ.

ಮೇಷ್ಟ್ರು ಆ ನೂಲನ್ನು ಕ್ಲಾಸಿಗೆಲ್ಲ ತೋರಿಸಿ, ಎಡಗೈಯಲ್ಲಿ ತಿರುಗಿಸಿದ್ದರಿಂದ ಇದರ ಹುರಿ ಉಲ್ಟಾ ಬಂದಿದೆ, ನೇಯುವಾಗ ಬೇರೆ ಇಡಬೇಕು, ಹೊಸೆದು ನೋಡಿದರೆ ಯಾರಿಗೂ ಗೊತ್ತಾಗುತ್ತದೆ ಎಂದು ಪಾಠ ಮಾಡಿದರಂತೆ. 'ಅಂತೆ' ಎನ್ನುವುದೇಕೆಂದರೆ ನಾನು ಆಗ ತೋಟಕ್ಕೆ ನೀರು ಹಾಕುವ ನೆಪ ಹೇಳಿ ಹೊರಗಿದ್ದೆ. ಎರಡು ವರ್ಷ ಒಂದೇ ಕ್ಲಾಸಿನಲ್ಲಿ ಕೂತವನು ತನಗೆ ಬೇಕಾದ ಒಂದೇ ಒಂದು ಪಾಠವನ್ನು ಹೀಗೆ ತಪ್ಪಿಸಿಕೊಂಡ.

ಶ್ರಾವಣದಲ್ಲಿ ಮೇಷ್ಟ್ರು ಇನ್ನೊಂದು ಸುದ್ದಿ ತಂದರು. ದಸರೆಯ ವಸ್ತುಪ್ರದರ್ಶನದಲ್ಲಿ ಸ್ಕೂಲು ಮಕ್ಕಳ ಕೆಲಸ ಇಡುತ್ತಾರೆ. ಒಳ್ಳೆಯ ನೂಲು ತೆಗೆದ ಒಂದು ಮಗು ಅಲ್ಲಿ ಜನರೆದುರು ಕೂತು ನೂಲಬೇಕು. ಎಲ್ಲರೂ ತಾವು ನೂತ ನೂಲಿನ ಒಂದೊಂದು ಲಡಿ ಸುತ್ತಿ ಹೆಸರಿನ ಚೀಟಿ ಕಟ್ಟಿ ತನ್ನಿ. "ಬೇರೆಯವರ ಕೈಲಿ ನೂಲಿಸಿದವರಿಗೂ ಪ್ರದರ್ಶನ ಇಲ್ಲ, ನೂತುಕೊಟ್ಟವರಿಗೂ ಇಲ್ಲ. ಕೇಳಿಸ್ತೇನ್ರೋ?" ಎಂದು ಎರಡೆರಡು ಸಲ ಹೇಳಿದರು. ಇದು ನನಗೆ ಚೆನ್ನಾಗಿ ಕೇಳಿಸಿತ್ತು. ಅದನ್ನು ನೆನಪಿಟ್ಟುಕೊಳ್ಳಿ, ನನಗೆ ಗೊತ್ತಿರಲಿಲ್ಲ ಎಂದು ಮುಂದೆ ಎಲ್ಲಾದರೂ ಜಾರಿಕೊಂಡೇನು.

ಅಂದಿನಿಂದ ಚಿಕ್ಕತಾಯಿ ಹಿತ್ತಿಲಲ್ಲಿ ಒರಳುಕಲ್ಲಿನ ಮೇಲೆ ಕೂತು ನೂಲುವುದನ್ನು ಅಭ್ಯಾಸ ಮಾಡಿದಳು.

"ಅಣ್ಣ, ಅಲ್ಲಿ ಎತ್ರದ ಮೇಲೆ ಕೂರುಸ್ತಾರಾ?"

"ಊಂ. ಕೋತಿ ಕೂರ್ಸ್ದಂಗೆ."

"ಎಲ್ಲಾರ್ಗೂ ಕಾಣಂಗೆ? ಈ ಕೈಲೇ ನೂತ್ರೂ?"

"ಆ ಕೈಲೇ ಅಲ್ವೇನೇ ನಿಂಗೆ ಬರಾದು? ಸುಮ್ಕಿರು."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಲಂಗದೊಳಗೆ ಅಡಗಿಸಿಟ್ಟ ಕೈ ಊರವರೆದುರು ಹೊರಗೆ ಬರಬೇಕು, ಯಾರೂ ಹೊಡೆಯಬಾರದು. ಅವ್ವನೂ ಮೆತ್ತಗಾಗಿದ್ದಳು. ಹಸಿರು ಲಂಗ ಒಗೆದು ಮಡಿಸಿಟ್ಟಿದ್ದಳು. ನೀರಿಗೆ ಹೋದಾಗ "ನಮ್ಮ ಎಡಚಿ ಪ್ರದರ್ಶನ್ದಲ್ಲಿ ಕೂತ್ಕತಾಳಂತೆ ಕಣವ್ವ" ಎಂದು ಇಡೀ ಕೇರಿಗೆ ಹೇಳಿ ಬಂದಿದ್ದಳು.

ನನ್ನ ಚಿಂತೆ ಬೇರೆ. ಅಪ್ಪ ಊಟಕ್ಕೆ ಕೂತಾಗ ನಮ್ಮಿಬ್ಬರೆದುರೇ ಹೇಳಿದ್ದ: "ಸ್ಕೂಲಿಂದ ಇನ್ನೊಂದ್ ದೂರು ಬರ್ಲಿ, ಇವನ್ನ ಬುಡುಸ್ಬುಟ್ಟು ಟೈಲರ್ ಅಂಗ್ಡೀಗ್ ಹಾಕ್ಬುಡ್ತೀನಿ." ಕೊಡುವ ದಿನ ಬೆಳಿಗ್ಗೆ ನನ್ನ ಲಡಿ ನೋಡಿದೆ. ಅದನ್ನು ಲಡಿ ಎಂದರೆ ಲಡಿಗಳು ಬೇಜಾರು ಮಾಡಿಕೊಳ್ಳುತ್ತವೆ. ಚಿಕ್ಕತಾಯಿಯ ಬುಟ್ಟಿಯಲ್ಲಿ ಎರಡು ಲಡಿಗಳಿದ್ದವು. ಎರಡರಲ್ಲಿ ಚೆಂದದ್ದನ್ನು ಆರಿಸಿ ಕೊಡಲೆಂದು ಎರಡು ನೂತಿದ್ದಳು. ಅವಳು ನೀರಿಗೆ ಹೋದ ಹೊತ್ತಿನಲ್ಲಿ ಒಂದನ್ನು ಎತ್ತಿ ನನ್ನ ಚೀಟಿ ಕಟ್ಟಿದೆ. ಬಿಳಿ ನೂಲು ಬಿಳಿ ನೂಲೇ ಅಲ್ಲವೇ, ಅದರ ಮೇಲೆ ಯಾರ ಕೈ ಬರೆದಿರುತ್ತದೆ ಎಂದುಕೊಂಡೆ.

ಮೇಷ್ಟ್ರು ಜಗುಲಿಯಲ್ಲಿ ಕೂತು ಒಂದೊಂದೇ ಲಡಿ ಎತ್ತಿ, ಎಳೆ ಬಿಡಿಸಿ, ಬೆರಳಲ್ಲಿ ಹೊಸೆದು ಪಕ್ಕಕ್ಕಿಡುತ್ತಿದ್ದರು. ನನ್ನದು ಬಂತು. ಹೊಸೆದರು. ಮತ್ತೆ ಹೊಸೆದರು. ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ಏನೋ ಯಜಮಾನ, ಯಾವಾಗಿಂದ ಎಡಚ ಆದೆ?"

ಕ್ಲಾಸು ನಕ್ಕಿತು. ನನಗೆ ಅರ್ಥವಾಗಲಿಲ್ಲ. ಕ್ಲಾಸಿನಲ್ಲಿ ಅರ್ಥವಾಗದಿದ್ದವನು ನಾನೊಬ್ಬನೇ.

"ಇದು ಎಡಗೈ ನೂಲು. ಚೀಟಿ ನಿನ್ನದು. ಹೇಗೆ ಬಂತು, ಹೇಳು."

ನಾನು ಅಪ್ಪನನ್ನು ನೆನೆದೆ. ಕದ್ದೆ ಎಂದರೆ ದೂರು. ಬಾಯಿಗೆ ಬಂದದ್ದು ಇದು: "ಅವಳೇ ನೂತ್ಕೊಟ್ಳು ಸಾರ್. ನಾನ್ ಬ್ಯಾಡ ಅಂದೆ ಸಾರ್. ಕೇಳ್ನಿಲ್ಲ."

ಮೇಷ್ಟ್ರು ಅವಳ ಕಡೆ ತಿರುಗಿದರು. ಅವರ ದನಿ ತಗ್ಗಿತ್ತು. "ಹೌದೇನಮ್ಮ? ನೀನೇ ಕೊಟ್ಟೆಯಾ? ಯೋಚಿಸಿ ಹೇಳು."

ಅವಳು ಮೇಷ್ಟ್ರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ಕಾಲ ಅದನ್ನು ಹೊರುತ್ತಿರಲಿಲ್ಲವೇನೋ. ಬಳ್ಳಿಯನ್ನು ನೋಡಿದಳಲ್ಲ, ಹಾಗೆ ನೋಡಿದಳು. ಇದು ಯಾಕೆ ಹೀಗೆ ಸುತ್ತಿಕೊಳ್ಳುತ್ತದೆ ಎಂಬಂತೆ. ಆಮೇಲೆ ಎಡಗೈಯನ್ನು ಲಂಗದ ಮಡಿಕೆಯೊಳಗೆ ತೂರಿಸಿಕೊಂಡು "ಹೂಂ ಸಾರ್" ಅಂದಳು.

ಪ್ರದರ್ಶನಕ್ಕೆ ಬೇರೆ ಹುಡುಗಿ ಹೋದಳು. ಅವ್ವನಿಗೆ ಚಿಕ್ಕತಾಯಿ "ಬ್ಯಾರೆಯೋರ್ನ ಆರಿಸ್ಬುಟ್ರು ಕಣವ್ವ" ಎಂದಷ್ಟೇ ಹೇಳಿದಳು. ಹಸಿರು ಲಂಗ ಪೆಟ್ಟಿಗೆಗೆ ಹೋಯಿತು. ದೂರು ಬರಲಿಲ್ಲ. ಅವಳು ಅಷ್ಟು ಕೊಟ್ಟು ಉಳಿಸಿದ ನನ್ನ ಓದು ಏನಾಯಿತು ಅಂತೀರೋ? ಬೇಸಿಗೆಯಲ್ಲಿ ಮತ್ತೆ ಫೇಲಾದೆ, ಅಪ್ಪ ಟೈಲರ್ ಅಂಗಡಿಗೆ ಹಾಕಿದ. ಜೀವಮಾನವೆಲ್ಲ ದಾರ ಹಿಡಿದು ಬದುಕಿದೆ. ಅವಳು ಆಮೇಲೆ ತಕಲಿ ಮುಟ್ಟಲಿಲ್ಲ. ನೂಲುವ ದಿನ ಮೇಷ್ಟ್ರನ್ನು ಕೇಳಿ ತೋಟದ ಕೆಲಸ ಹಾಕಿಸಿಕೊಂಡು ಹೋಗುತ್ತಿದ್ದಳು.

ನಾವು ಅಣ್ಣ ತಂಗಿ ಚೆನ್ನಾಗಿಯೇ ಇದ್ದೆವು. ಮದುವೆ, ಬಾಣಂತನ, ಸಾವು ಎಲ್ಲದಕ್ಕೂ ಹೋಗಿಬಂದೆವು. ಅವಳ ಹೆಣ್ಣುಮಕ್ಕಳ ರವಿಕೆಯೆಲ್ಲ ನಾನೇ ಹೊಲಿದೆ. ಆದರೆ ಆ 'ಹೂಂ' ಯಾಕೆ ಅಂದಳು ಎನ್ನುವುದನ್ನು ಕೇಳಲು ಅರವತ್ತು ವರ್ಷಕ್ಕೂ ಮೇಲೆ ಬೇಕಾಯಿತು, ಅದಕ್ಕೂ ಒಂದು ಕೆಟ್ಟ ದಾರ ಬೇಕಾಯಿತು. ಆ ಉಲ್ಟಾ ದಾರದ ಉಂಡೆಯನ್ನು ಜೇಬಿಗೆ ಹಾಕಿಕೊಂಡು ಹೂಟಗಳ್ಳಿಯ ಬಸ್ಸು ಹತ್ತಿದೆ. ಅವಳೀಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ.

ಹೋದಾಗ ಅವರೆಕಾಯಿ ಬಿಡಿಸುತ್ತಿದ್ದಳು. ಚಹಾ ಬಂತು. ನಾನು ದಾರ ತೆಗೆದು ಅವಳ ಮುಂದಿಟ್ಟೆ. ಅವಳು ತುದಿ ಹಿಡಿದು ಎಡಗೈಯಲ್ಲಿ ಒಮ್ಮೆ ಹೊಸೆದಳು. ದಾರ ಬಿಗಿಯಾಯಿತು.

"ಚೆನ್ನಾಗೈತಲ್ಲ. ಏನಾಗೈತೆ ಇದ್ಕೆ?"

"ನನ್ ಮಿಷನ್‌ಗೆ ಒಗ್ಗಲ್ಲ. ಚಿಕ್ತಾಯಿ, ಅವತ್ತು ಮೇಷ್ಟ್ರು ಕೇಳ್ದಾಗ ನೀನು ಯಾಕೆ ಹೂಂ ಅಂದೆ?"

ಯಾವತ್ತು ಎಂದು ಅವಳು ಕೇಳಲಿಲ್ಲ. ಅದರಿಂದಲೇ ನನಗೆ ಅರ್ಧ ಉತ್ತರ ಸಿಕ್ಕಿತು.

"ನೀನು ಆಗ್ಲೇ ಹೇಳ್ಬುಟ್ಟಿದ್ದೆಲ್ಲಣ್ಣ. ನಾನು ಇಲ್ಲ ಅಂದಿದ್ರೆ ನೀನು ಕಳ್ಳನೂ ಆಗ್ತಿದ್ದೆ, ಸುಳ್ಳನೂ ಆಗ್ತಿದ್ದೆ. ಅಪ್ಪ ಅಂದಿದ್ದು ನಂಗೂ ಕೇಳ್ಸಿತ್ತು." ಒಂದು ಕಾಯಿ ಬಿಡಿಸಿ ಕಾಳು ಬಟ್ಟಲಿಗೆ ಹಾಕಿದಳು. "ಅಲ್ಲ, ಒಂದ್ ಮಾತು ಕೇಳ್ತೀನಿ. ನಾನು ಇನ್ನೂ ಪ್ರದರ್ಶನ ನೋಡೇ ಇಲ್ಲ, ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಮೈಸೂರಿನಲ್ಲೇ ಹುಟ್ಟಿ ಮೈಸೂರಿನಲ್ಲೇ ಮುದುಕಿಯಾದವಳು. ಪ್ರತಿ ದಸರೆಗೆ ನಾನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಾಗ "ನೀನೂ ಬಾ" ಎನ್ನುತ್ತಿದ್ದೆ. ಒಂದು ವರ್ಷ ಮಗುವಿಗೆ ಜ್ವರ, ಒಂದು ವರ್ಷ ಕಾಲು ನೋವು, ಒಂದು ವರ್ಷ ನೆಂಟರು. ಅಷ್ಟೂ ವರ್ಷ ನಾನು ಅವಳ ನೆಂಟರನ್ನು ನಂಬಿದೆ.

"ಈ ಸಲ ಹೋಗಣ" ಅಂದೆ.

"ಹೋಗಿ? ಮೇಲೆ ಕೂತು ನೂಲ್ಲಾ ಈಗ? ಮಂಡಿ ಮಡಿಸಕ್ಕಾಗಲ್ಲ ನಂಗೆ" ಎಂದು ನಕ್ಕಳು. ನಾನು ನಗಲಿಲ್ಲ.

"ತಪ್ಪಾಯ್ತು ಕಣವ್ವ. ಹೊಟ್ಟೇಲಿ ಹಾಕ್ಕತೀಯಾ?"

ಅವಳು ನನ್ನನ್ನು ನೋಡಿದಳು. ಅದೇ ನೋಟ, ಅವತ್ತು ಸ್ಕೂಲಿನ ಜಗುಲಿಯದ್ದು. ನಾನು ಕಾದೆ. ಅವಳ ಬಾಯಿಂದ ಆ ಒಂದು ಚಿಕ್ಕ ಶಬ್ದ ಬರುತ್ತದೆ, ಬಂದರೆ ನಾನು ಹಗುರಾಗಿ ಬಸ್ಸು ಹತ್ತಬಹುದು ಎಂದುಕೊಂಡೆ. ಅವಳು ನನ್ನ ಅಂಗಿಯ ಕಡೆ ಕೈ ತೋರಿಸಿದಳು.

"ಟೈಲರಪ್ಪ, ನಿನ್ನ ಗುಂಡಿ ನೇತಾಡ್ತಾ ಐತೆ. ಇತ್ತಾಗ್ ಬಾ."

ನನ್ನ ಉಲ್ಟಾ ದಾರವನ್ನೇ ಸೂಜಿಗೆ ಪೋಣಿಸಿ, ಬಾಗಿಲಲ್ಲಿ ಮಗಳು, ಮೊಮ್ಮಗ, ಪಕ್ಕದ ಮನೆಯಾಕೆ ಎಲ್ಲ ನೋಡುತ್ತಿರುವಂತೆಯೇ, ಎಡಗೈಯಲ್ಲಿ ಗುಂಡಿ ಹಾಕಿದಳು. ದಾರ ಒಂದು ಸಲವೂ ಹಿಂಜಲಿಲ್ಲ. ಉಂಡೆಯನ್ನು ಅವಳೇ ಇಟ್ಟುಕೊಂಡಳು.

ದಿಂಬಿನ ಚೀಲವನ್ನು ಬೇರೆ ದಾರದಲ್ಲಿ ಹೊಲಿದು ಮುಗಿಸಿದೆ. ಇದನ್ನು ಬರೆಯುವಾಗ ಆಗಾಗ ಆ ಗುಂಡಿಯನ್ನು ಮುಟ್ಟಿ ನೋಡುತ್ತೇನೆ, ಭದ್ರವಾಗಿದೆ. ಈ ಸಲ ಅವಳು ನನಗಾಗಿ ಹೂಂ ಅನ್ನಲಿಲ್ಲ. ಅನ್ನದಿದ್ದದ್ದೇ ಸರಿ.